ಡ್ರೈವರ್ ಅಣ್ಣನ ಗಂಟು

ಪಂಢರಿ ತೀರಿಕೊಂಡ ಹದಿನಾಲ್ಕನೆಯ ದಿನ ಬೆಳಗ್ಗೆ ಬೀದರಿನ ನೌಬಾದದ ಆ ಮನೆಯಲ್ಲಿ ಒಂಬತ್ತು ಒಲೆಗಳ ಪೈಕಿ ಎಂಟು ಹೊತ್ತಿದವು. ಎಂಟು ಜನ ಹೆಂಗಸರು ಎಂದಿನಂತೆ ಬಂದು, ಸೆರಗು ಬಿಗಿದು, ತಮ್ಮ ತಮ್ಮ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಬಡಿಯಲು ಶುರುಮಾಡಿದರು. ಕಿಟಕಿಯ ಕೆಳಗಿನ ಒಂಬತ್ತನೆಯ ಒಲೆ ಮನೆಯ ಒಡತಿ ಕೇಶರಬಾಯಿಯದು. ಅವಳೂ ಬಂದು ಕೂತಳು. ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಳು, ಉಂಡೆ ಕಟ್ಟಿದಳು, ಪರಾತದ ಮೇಲೆ ಒಣಹಿಟ್ಟು ಉದುರಿಸಿದಳು. ಅಲ್ಲಿಗೆ ಕೈ ನಿಂತಿತು.

"ಏನಾತು ಅಕ್ಕಾ?" ಪಕ್ಕದ ಹಂಚಿನ ಮರಿಯಮಬೀ ಕೇಳಿದಳು. ಈ ಮನೆಯಲ್ಲಿ ರೊಟ್ಟಿ ಕೆಲಸ ಶುರುವಾದ ದಿನದಿಂದ ಜೊತೆಗಿರುವವಳು ಅವಳೊಬ್ಬಳೇ.

"ಏನಿಲ್ಲ. ಕೈ ಏಳವಲ್ದು."

"ನೋವು ಅದ ಏನು?"

"ನೋವೂ ಇಲ್ಲ."

ಇಪ್ಪತ್ತೆರಡು ವರ್ಷ ದಿನಕ್ಕೆ ಇನ್ನೂರು ರೊಟ್ಟಿ ಬಡಿದ ಕೈ ಅದು. ಕೇಶರಬಾಯಿ ಉಂಡೆಯನ್ನು ಮರಿಯಮಬೀಯ ಪರಾತಕ್ಕೆ ದಾಟಿಸಿ, ಗೋಡೆಗೆ ಒರಗಿ ಕೂತಳು. ಗಂಡ ಹೋದಾಗ ಅವಳು ಅತ್ತಿರಲಿಲ್ಲ. ಸತ್ತವರ ಹೆಸರಿನಲ್ಲಿ ಬೌದ್ಧರು ಮಾಡುವ ಪುಣ್ಯಾನುಮೋದನದ ದಿನ ಬಿಳಿ ಸೀರೆಯುಟ್ಟು ತ್ರಿಶರಣ ಪಂಚಶೀಲ ಹೇಳುವಾಗಲೂ ಅಳಲಿಲ್ಲ. ಬಂದವರೆಲ್ಲ ಗಟ್ಟಿ ಹೆಂಗಸು ಎಂದು ಹೊಗಳಿ ಹೋದರು. ಗಟ್ಟಿತನವೇನೂ ಇರಲಿಲ್ಲ, ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ.

ಪಂಢರಿ ಮೂವತ್ತು ವರ್ಷ ಬೀದರ-ಔರಾದ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಬಸ್ಸು ಬಿಟ್ಟನೇ ಹೊರತು ಬಸ್ ಸ್ಟ್ಯಾಂಡು ಬಿಡಲಿಲ್ಲ. ದಿನಾ ಬೆಳಗ್ಗೆ ಅಲ್ಲಿ ಹೋಗಿ ಚಹಾ ಕುಡಿದು, ಯಾವ ಊರಿನಲ್ಲಿ ಯಾರ ಮನೆಯಲ್ಲಿ ಸಾವಾಗಿದೆ ಎಂದು ಕಂಡಕ್ಟರುಗಳಿಂದ ತಿಳಿದುಕೊಂಡು ಬರುವನು. ಹೆಂಡತಿಗೆ ಊರ ಹೆಸರಷ್ಟೇ ಹೇಳುವನು. "ಠಾಣಾ ಕುಶನೂರ." ಕೇಶರಬಾಯಿ ಮೂವತ್ತು ಖಡಕ್ ರೊಟ್ಟಿ ಎಣಿಸಿ, ಮೇಲೊಂದು ಪುಡಿಕೆ ಶೇಂಗಾಹಿಂಡಿ ಇಟ್ಟು ಕೊಡುವಳು. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಹಾಗೆಂದು ಬಂದವರ ಹೊಟ್ಟೆ ಸುಮ್ಮನಿರುವುದೂ ಇಲ್ಲ. ಪಂಢರಿ ತನ್ನ ಹಳೆಯ ಧೋತರ ಹರಿದು ಮಾಡಿಟ್ಟ ಕೆಂಪಂಚಿನ ತುಂಡಿನಲ್ಲಿ ಅದನ್ನು ಗಂಟು ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಕೊಟ್ಟು ಬರುವನು. ಗಂಟಿನ ಮೇಲೆ ಹೆಸರಿರುತ್ತಿರಲಿಲ್ಲ. ಇವರು ಬೌದ್ಧರು, ಹೆಸರು ತಿಳಿದರೆ ಕೆಲವು ಮನೆಯವರು ಗಂಟು ಬಿಚ್ಚದೆ ಬಿಟ್ಟಾರು ಎಂದು ಮೊದಮೊದಲು ಹಾಕಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಔರಾದ ರಸ್ತೆಯ ಊರುಗಳ ಜನ ತಾವೇ ಅದಕ್ಕೊಂದು ಹೆಸರಿಟ್ಟರು, ಡ್ರೈವರ್ ಅಣ್ಣನ ಗಂಟು ಎಂದು.

ಅಂಥ ಪಂಢರಿ ಸತ್ತಾಗ ಅವನ ಮನೆಗೆ ಒಂದು ರೊಟ್ಟಿಯೂ ಬರಲಿಲ್ಲ. ನೆರೆಯವರು ಅನ್ನ ತಂದರು, ಮರಿಯಮಬೀ ಖಿಚಡಿ ತಂದಳು, ಯಾರೋ ಹೋಟೆಲಿನಿಂದ ಉಪ್ಪಿಟ್ಟು ಕಟ್ಟಿಸಿಕೊಂಡು ಬಂದರು. ರೊಟ್ಟಿಯ ಮನೆಗೆ ರೊಟ್ಟಿ ಒಯ್ಯುವುದೇನು ಎಂದುಕೊಂಡಿರಬೇಕು. ಯಾರ ತಪ್ಪೂ ಅಲ್ಲ. ಆದರೆ ಕೇಶರಬಾಯಿ ಮೂರು ದಿನ ಬಾಗಿಲ ಕಡೆಗೇ ನೋಡುತ್ತ ಕೂತಿದ್ದನ್ನು ಸೊಸೆ ಸಪನಾ ಕಂಡಿದ್ದಳು.

ಡಿಸೆಂಬರಿನ ಮೊದಲ ವಾರ ಮಗ ಸುಶೀಲಕುಮಾರ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಉದ್ಯಮದವರಿಗೆ ಇಟ್ಟಿದ್ದ ಒಂದು ದಿನದ ತರಬೇತಿಗೆ ಹೋಗಿ ಬಂದ. ಹೋಗುವಾಗ ಬೆನ್ನು ಬಾಗಿತ್ತು, ಬರುವಾಗ ನೆಟ್ಟಗಾಗಿತ್ತು. ರಾತ್ರಿ ಊಟಕ್ಕೆ ತೊಗರಿಬೇಳೆ, ಪುಂಡಿಪಲ್ಯ. ಮೊದಲ ತುತ್ತಿಗೇ ಶುರುಮಾಡಿದ.

"ಸೇವಾ ಮಾಡೋ ಧಂದಾನೇ ಬೆಳೀತದ ಅಂತ ಹೇಳಿದ್ರು. ನಾ ಎದ್ದು ನಿಂತು, ನಮ್ಮ ಅಪ್ಪ ಸಾವಿನ ಮನಿಗಿ ರೊಟ್ಟಿ ಕಳಸ್ತಿದ್ರು ಅಂದೆ. ಸಾಹೇಬ್ರು ಎಲ್ಲರ ಕಡೆಯಿಂದ ಚಪ್ಪಾಳಿ ಹೊಡಿಸಿದ್ರು."

"ಚಲೋ ಆತಲ್ರಿ," ಎಂದಳು ಸಪನಾ.

"ಪೂರಾ ಕೇಳು. ಆಮ್ಯಾಗ ಕೇಳಿದ್ರು, ಆ ರೊಟ್ಟಿ ನಿಮ್ಮದು ಅಂತ ಜನಕ್ಕ ಹ್ಯಾಂಗ ಗೊತ್ತಾಗ್ತದ ಅಂತ. ನನಗ ಬಾಯೇ ಬರ್ಲಿಲ್ಲ."

"ಮಾವಾರು ಗೊತ್ತಾಗ್ಲಿ ಅಂತ ಕಳಸ್ತಿರಲಿಲ್ಲಲ್ರಿ."

"ಅದಕ್ಕೇ ಇಪ್ಪತ್ತೆರಡು ವರ್ಷ ಆದ್ರೂ ಒಂಬತ್ತು ಒಲಿ ಹತ್ತಾಗಿಲ್ಲ. ಮನಿಗಿ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಹಂಗ."

ಅಂದ ಮೇಲೆ ಅವನಿಗೇ ಕೆಡುಕೆನಿಸಿತು. ಸತ್ತು ತಿಂಗಳಾಗಿರದ ಅಪ್ಪ. ಎಲ್ಲರೂ ಕೇಶರಬಾಯಿಯ ಕಡೆ ನೋಡಿದರು. ಅವಳು ರೊಟ್ಟಿಯನ್ನು ಬೇಳೆಯಲ್ಲಿ ಮುರಿಯುತ್ತಲೇ ಇದ್ದಳು.

"ಅವ್ವಾ, ಗಂಟು ನಿಲ್ಸೋದು ಬ್ಯಾಡ. ಚಂದ ಒಂದು ಚೀಲ ಮಾಡ್ಸೋಣು. ಅಪ್ಪಂದು ಫೋಟೋ, ನಮ್ಮ ಹೆಸರು, ನಂಬರು. ಆತಿಲ್ಲೊ?"

"ಏನರ ಮಾಡ್ರಿ," ಎಂದಳು ಕೇಶರಬಾಯಿ.

ಬಿ.ಕಾಂ. ಓದುವ ಮೊಮ್ಮಗ ಅಶ್ವಜಿತ ಮೊಬೈಲಿನಲ್ಲೇ ಚೀಲದ ನಮೂನೆ ಮಾಡಿದ. ಹಳದಿ ಪ್ಲಾಸ್ಟಿಕ್ ಚೀಲ. ನಡುವೆ ಟೊಪ್ಪಿಗೆ ಹಾಕಿದ ಪಂಢರಿ. ಮೇಲೆ 'ದುಃಖದಲ್ಲಿ ನಿಮ್ಮೊಂದಿಗೆ', ಕೆಳಗೆ 'ಪಂಢರಿ ರೊಟ್ಟಿ ಕೇಂದ್ರ, ನೌಬಾದ. ಮದುವೆ, ತೊಟ್ಟಿಲು, ಸಕಲ ಸಮಾರಂಭಗಳಿಗೆ', ಅದರ ಕೆಳಗೆ ದೊಡ್ಡದಾಗಿ ಫೋನ್ ನಂಬರು. ಎರಡು ಸಾವಿರ ಚೀಲ ಅಚ್ಚಾಗಿ ಬಂದವು. ಅಶ್ವಜಿತ ಒಂದನ್ನು ಅಜ್ಜಿಯ ಕೈಗೆ ಕೊಟ್ಟ.

"ಹ್ಯಾಂಗದ ಆಯಿ?"

"ಚಂದ ಬಂದಾರ," ಎಂದು ಅವಳು ಚೀಲವನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು. ಟ್ರಂಕಿನಲ್ಲಿ ಗಂಡನ ನಾಲ್ಕು ಧೋತರ ಹರಿಯದೆ ಹಾಗೇ ಉಳಿದಿದ್ದವು. ಅವುಗಳ ಕೆಲಸ ಮುಗಿಯಿತು ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಚೀಲಗಳು ಔರಾದ ಬಸ್ಸಿನಲ್ಲಿ ಹೋದವು, ಭಾಲ್ಕಿ ಬಸ್ಸಿನಲ್ಲೂ ಹೋದವು. ಹದಿನೈದು ದಿನದಲ್ಲಿ ಫೋನು ರಿಂಗಾಗತೊಡಗಿತು. ರೊಟ್ಟಿ ಜಾರಿ ತುಪ್ಪದಲ್ಲಿ ಬಿತ್ತು ಎಂದುಕೊಂಡ ಸುಶೀಲಕುಮಾರ.

"ಹಲೋ, ರೊಟ್ಟಿ ಕೇಂದ್ರ ಏನ್ರಿ?"

"ಹೌದ್ರಿ, ಹೇಳ್ರಿ!"

"ನಮ್ಮ ಕಾಕಾ ಹೋಗ್ಯಾರ್ರಿ. ನಲವತ್ತು ರೊಟ್ಟಿ ಕಳಸ್ತೀರಿ?"

ಕಳಿಸಿದ. ಮರುದಿನ ಇನ್ನೊಂದು ಫೋನು, ಇನ್ನೊಂದು ಸಾವು. ಅದರ ಮರುದಿನ ಎರಡು. ಕಮಲನಗರದ ಕಡೆಯವನೊಬ್ಬ ಫೋನು ಮಾಡಿ, "ಇನ್ನಾ ಹೋಗಿಲ್ರಿ, ಆದ್ರ ಡಾಕ್ಟರ್ ಇವತ್ತೇ ಅಂದಾರ. ನಾಳಿಗಿ ಅಂತ ಬರದ್ ಇಟ್ಕೋರಿ," ಎಂದ. ಮೊದಲು ವಾರಕ್ಕೆ ಎರಡು ಗಂಟು ಹೋಗುತ್ತಿದ್ದ ಮನೆಯಿಂದ ಈಗ ಹದಿಮೂರು ಚೀಲ ಹೋಗುತ್ತಿದ್ದವು, ಸಾವಿನ ಮನೆಯವರಿಂದ ದುಡ್ಡು ಕೇಳುವ ಹಾಗಿರಲಿಲ್ಲ. ಮದುವೆಯವರು ಮಾತ್ರ ಒಬ್ಬರೂ ಫೋನು ಮಾಡಲಿಲ್ಲ. ಪ್ರತಿ ವರ್ಷ ಈ ದಿನಗಳಲ್ಲಿ ಹಗಲಿಗೆ ಸಾವಿರದೈನೂರು ರೊಟ್ಟಿ ಏಳುತ್ತಿದ್ದ ಒಲೆಗಳು ಹತ್ತು ಗಂಟೆಗೆಲ್ಲ ಆರತೊಡಗಿದವು. ಎಂಟು ಹೆಂಗಸರು ಅರ್ಧ ದಿನದ ಕೂಲಿ ತೆಗೆದುಕೊಂಡು ಬಿಸಿಲೇರುವ ಮುಂಚೆಯೇ ಮನೆಗೆ ನಡೆಯುತ್ತಿದ್ದರು.

ಆಗ ಬಂದವನು ಜುಲ್ಫೀಕಾರ, ಕೊಳಾರದಲ್ಲಿ ಟೈರಿನ ವ್ಯಾಪಾರ ಮಾಡುವವನು. ರೊಟ್ಟಿ ಬಡಿಯುವ ಕೆಳಗಿನ ದೊಡ್ಡ ಹಾಲ್ ಅವನಿಗೆ ಗೋದಾಮಿಗೆ ಬೇಕಿತ್ತು. ಮರ್ಯಾದೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದ.

"ಸುಶೀಲಭಾಯ್, ಜಬರದಸ್ತಿ ಇಲ್ಲ. ನಿಮ್ಮ ಕಾಮ್ ನಡೀತಿದ್ರ ನಾ ಕೇಳ್ತಿದ್ದಿಲ್ಲ. ಶಿವರಾತ್ರಿ ಒಳಗ ಹೌದು ಇಲ್ಲ ಹೇಳ್ರಿ."

"ವಿಚಾರ ಮಾಡಿ ಹೇಳ್ತೇನಿ," ಎಂದ ಸುಶೀಲಕುಮಾರ. ಕೇಳಿಸಿಕೊಂಡ ಹೆಂಗಸರ ಕೈಯ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮಧ್ಯಾಹ್ನ ಗಂಡನಿಗೆ ತಾಟು ಇಡುತ್ತ ಸಪನಾ ಕೇಳಿದಳು, "ಹಾಲ್ ಕೊಟ್ರ ಇವರೆಲ್ಲ ಎಲ್ಲಿಗಿ ಹೋಗ್ಬೇಕ್ರಿ?"

"ನಾ ಎಲ್ಲಿಗಿ ಹೋಗ್ಲಿ, ಅದು ಕೇಳು ಮೊದಲ. ಸಾವಿನ ಮನಿ ರೊಟ್ಟಿ ಬಡ್ಕೋತ ಎಷ್ಟು ದಿನ ಕೂಡ್ಬೇಕು?"

"ಚೀಲ ಮಾಡ್ಸಿದವ್ರು ನೀವೇ."

"ಹಾಂ, ನಾನೇ! ಅಪ್ಪ ಮಾಡಿದ್ರ ಪುಣ್ಯ, ನಾ ಮಾಡಿದ್ರ ಪಾಪ!"

ತಾಟು ಸರಿಸಿ ಎದ್ದುಹೋದ. ಸಪನಾ ಅವನು ಬಿಟ್ಟ ರೊಟ್ಟಿಯನ್ನು ತಾನೇ ತಿಂದಳು. ಈ ಮನೆಯಲ್ಲಿ ರೊಟ್ಟಿ ಬಿಸಾಡುವುದಿಲ್ಲ. ಗೋಡೆಯ ಬದಿಗೆ ಕೂತಿದ್ದ ಅತ್ತೆಯ ಮೇಲೆ ಅವಳಿಗೆ ಸಿಟ್ಟು ಬಂತು, ಬೈಯಲಾದರೂ ಬಾಯಿ ಬಿಡಬಾರದೇ ಎಂದು.

ಎಳ್ಳ ಅಮಾವಾಸ್ಯೆಗೆ ಮಗಳು ಕರುಣಾ ಭಾಲ್ಕಿಯಿಂದ ಬಂದಳು. ಅಲ್ಲಿ ಗಂಡನ ಮನೆ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ದೊಡ್ಡ ಡಬ್ಬಿಯಲ್ಲಿ ಭಜ್ಜಿ ತಂದಿದ್ದಳು, ಹಸಿ ಕಡಲೆ, ಅವರೆ, ಸೊಪ್ಪು ಎಲ್ಲ ಹಾಕಿ ಹಬ್ಬಕ್ಕೆ ಮಾಡುವಂಥದ್ದು. ಎಲ್ಲರೂ ಸುತ್ತ ಕೂತು ಸಜ್ಜೆರೊಟ್ಟಿಯ ಜೊತೆ ಉಂಡರು. ಉಣ್ಣುತ್ತಲೇ ಕರುಣಾ ಹೇಳಿದಳು.

"ಅಣ್ಣಾ, ನಮ್ಮ ಓಣಿ ರಹೀಮುನ್ನಿಸಾ ಅವರ ಮಗಳ ಶಾದಿ ಆತು. ಎರಡು ಸಾವಿರ ರೊಟ್ಟಿ ಬ್ಯಾರೆ ಕಡಿಂದ ತರ್ಸಿದ್ರು. ಯಾಕ ಅಂತ ಕೇಳ್ದೆ."

"ಏನಂದ್ರು?"

"'ನಿಮ್ಮ ಚೀಲ ನಮ್ಮ ಮನಿಗಿ ಬಂದಿತ್ತು ಬೇಟಾ, ಮಾಮೂ ಹೋದಾಗ. ಆ ನಂಬರಿಗೆ ಶಾದಿ ರೊಟ್ಟಿ ಹ್ಯಾಂಗ ಹೇಳ್ಲಿ? ಮೊಬೈಲಿನಾಗ ನಮ್ಮ ಹುಡುಗ ಅದನ್ನ ಮಯ್ಯತ್ ರೊಟ್ಟಿ ಅಂತ ಹಾಕ್ಯಾನ' ಅಂದ್ರು."

ಅಶ್ವಜಿತನಿಗೆ ನಗು ಬಂದು ನೀರು ನೆತ್ತಿಗೇರಿತು. ಬೇರೆ ಯಾರೂ ನಗಲಿಲ್ಲ. ಸುಶೀಲಕುಮಾರನ ಮುಖ ಸಣ್ಣದಾಯಿತು.

"ಮಯ್ಯತ್ ರೊಟ್ಟಿ. ಸಾವಿನ ರೊಟ್ಟಿ," ಎಂದ ತನ್ನಷ್ಟಕ್ಕೆ.

"ಇನ್ನೊಂದು," ಎಂದಳು ಸಪನಾ. ಇದನ್ನು ಅವಳು ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. "ಬಸ್ ಸ್ಟ್ಯಾಂಡ್ ಮುಂದಿನ ಗಟಾರದಾಗ ನಮ್ಮ ಚೀಲ ಬಿದ್ದಿತ್ತು. ಮಾವಾರ ಮಾರಿ ಮ್ಯಾಲಾಗಿತ್ತು. ತಗದು ತೊಳೆದು ತಂದೇನಿ. ನೀವೂ ಒಂದಿಷ್ಟು ತಿರುಗಾಡಿ ನೋಡ್ರಿ, ಇನ್ನಾ ಎಷ್ಟ್ ಕಡಿ ಬಿದ್ದಾರೋ."

ಊಟ ಅಲ್ಲಿಗೇ ಮುಗಿಯಿತು. ಕೇಶರಬಾಯಿ ತನ್ನ ತಾಟು ತಾನೇ ತೊಳೆದಿಟ್ಟಳು. ಗಂಡನ ಮುಖ ಗಟಾರದಲ್ಲಿ ಬಿದ್ದಿತ್ತು ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಎದೆಯಲ್ಲಿ ಏನಾದರೂ ಆದೀತೆಂದು ಒಂದು ಗಳಿಗೆ ಕಾದಳು. ಏನೂ ಆಗಲಿಲ್ಲ, ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಮರುದಿನದಿಂದ ಚೀಲ ನಿಂತಿತು. ಚೀಲದ ಜೊತೆಗೆ ರೊಟ್ಟಿ ಕಳಿಸುವುದೂ ನಿಂತಿತು. ಫೋನು ಬಂದರೆ ಸುಶೀಲಕುಮಾರ, "ಬಂದ್ ಮಾಡೇವ್ರಿ," ಎಂದು ಇಟ್ಟುಬಿಡುತ್ತಿದ್ದ. ಅದರಿಂದ ಆರ್ಡರೇನೂ ಹೆಚ್ಚಲಿಲ್ಲ. ಜನವರಿ ಹಾಗೇ ಹೋಯಿತು. ಎಂಟರಲ್ಲಿ ಮೂರು ಒಲೆ ಹೊತ್ತುತ್ತಿದ್ದವು. ಹೆಂಗಸರು ಪಾಳಿ ಹಾಕಿಕೊಂಡು ಬರುತ್ತಿದ್ದರು.

ಒಂದು ದಿನ ಜೋಳ ಹಸನು ಮಾಡುತ್ತ ಸಪನಾ ಕೇಳಿದಳು, "ಮರಿಯಮ್ ಮೌಸೀ, ಮಾವಾರು ಇದ್ದಾಗ ಆರ್ಡರ್ ಎಲ್ಲಿಂದ ಬರ್ತಿದ್ವು? ಬೋರ್ಡ್ ಇದ್ದಿಲ್ಲ, ನಂಬರ್ ಇದ್ದಿಲ್ಲ."

ಮರಿಯಮಬೀ ಮೊರ ಕೆಳಗಿಟ್ಟಳು. "ಅರೆ, ನಿಮಗ ಗೊತ್ತಿಲ್ಲ? ಅರಿವ್ಯಾಗ ಬರ್ತಿದ್ವು."

"ಅರಿವ್ಯಾಗ?"

"ಗಂಟು ಕಟ್ಟಿದ ಧೋತರದ ತುಂಡು. ರೊಟ್ಟಿ ತಿಂದ ಮ್ಯಾಲ ಅರಿವಿ ಯಾರಾರ ಇಟ್ಕೋತಾರ? ಮರಳಿ ಕೊಡ್ಬೇಕು. ಖಾಲಿ ಕೊಡಬಾರದು. ದುಃಖದಾಗಂತೂ ಕೊಡಬಾರದು, ಮನಿಯಾಗ ಖುಷಿ ಬಂದಾಗ ಕೊಡ್ಬೇಕು. ಅದಕ್ಕ ತೊಳೆದು ಮಡಿಚಿ ಇಟ್ಕೋತಿದ್ರು. ಆರು ತಿಂಗಳಿಗೋ ವರ್ಷಕ್ಕೋ ಮಗಳ ಲಗ್ನ ಕೂಡಿತು ಅಂದ್ರ, ಆ ಅರಿವ್ಯಾಗ ಬೆಲ್ಲ, ಕಡಲಿ, ಲಗ್ನಪತ್ರಿಕಿ ಕಟ್ಟಿ ಅದೇ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡ್ತಿದ್ರು. ಜೊತಿಗಿ ಇಷ್ಟು ರೊಟ್ಟಿ ಬೇಕು ಅಂತ ಹೇಳಿ ಕಳಸ್ತಿದ್ರು. ಡ್ರೈವರ್ ಅಣ್ಣ ಸ್ಟ್ಯಾಂಡಿನಾಗೇ ಗಂಟು ಬಿಚ್ಚಿ, ಬೆಲ್ಲ ಬಾಯಾಗ ಹಾಕ್ಕೊಂಡು ಬಂದು, 'ಠಾಣಾ ಕುಶನೂರ, ಸಾವಿರ' ಅಂತಿದ್ರು. ನಿನ್ನ ಗಂಡ ಬರ್ಕೋತಿದ್ದ. ಈಗ ಚೀಲದ ಸುದ್ದಿ ಕೇಳಿ, ಹಳೇ ಅರಿವಿ ಇದ್ದವರೂ ಕೊಡ್ಲಿಕ್ಕ ಹಿಂದ ಮುಂದ ನೋಡ್ತಿರಬೇಕು."

ಬಾಗಿಲಲ್ಲಿ ನಿಂತಿದ್ದ ಸುಶೀಲಕುಮಾರನಿಗೆ ಇದು ಪೂರ್ತಿ ಕೇಳಿಸಿತು. ಒಳಗೆ ಬಂದು ತಾಯಿಯ ಮುಂದೆ ಕೂತ.

"ಅವ್ವಾ, ಹೌದೇನು ಇದು?"

"ಹೂಂ."

"ಚೀಲ ಮಾಡ್ಸುವಾಗ ಯಾಕ ಹೇಳ್ಲಿಲ್ಲ ನೀ?"

"ನೀ ಕೇಳ್ಲಿಲ್ಲ," ಎಂದಳು. ಆಮೇಲೆ, "ಚೀಲ ಯಾರು ಮರಳಿಸ್ತಾರೋ ಸುಶೀಲ್ಯಾ," ಎಂದಳು. ಬೈದಂತೆ ಇರಲಿಲ್ಲ ಅದು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಈಗ ಅರಿವ್ಯಾಗ ಕಟ್ಟಿ ಕಳ್ಸಿದ್ರ?"

"ಯಾರು ಬಡೀಬೇಕು? ಸಾವಿನ ಮನಿ ರೊಟ್ಟಿ ನಾನೇ ಬಡೀತಿದ್ದೆ. ಕೈ ಏಳವಲ್ದು."

ಸುಶೀಲಕುಮಾರ ಎರಡು ದಿನ ಯೋಚಿಸಿದ. ಇಂದು ಅರಿವೆ ಕಳಿಸಿದರೆ ಅದು ಬರುವುದು ಇನ್ನು ವರ್ಷಕ್ಕೆ, ಬಂದರೆ ಬಂತು. ಅಲ್ಲಿಯವರೆಗೆ ಎಂಟು ಜನರ ಕೂಲಿ ಎಲ್ಲಿಂದ ತರುವುದು? ಜುಲ್ಫೀಕಾರನಿಗೆ ಫೋನು ಮಾಡಿ, "ಬಂದು ಅಳತಿ ತಗೋರಿ," ಎಂದುಬಿಟ್ಟ. ಮರಿಯಮಬೀ ಆ ದಿನ ತನ್ನ ಹಂಚನ್ನು ತಿಕ್ಕಿ ತಿಕ್ಕಿ ತೊಳೆದು ಮನೆಗೆ ಒಯ್ದಳು.

ಜುಲ್ಫೀಕಾರ ಟೇಪು ಹಿಡಿದು ಹಾಲ್‌ನ ಉದ್ದ ಅಳೆಯುತ್ತಿದ್ದ ದಿನವೇ ಗೋರಖನಾಥ ಬಂದ. ಔರಾದ ತಾಲ್ಲೂಕಿನ ಚಿಂತಾಕಿಯವನು, ಒಕ್ಕಲುತನದವನು, ಮೂವತ್ತರ ಆಸುಪಾಸು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮಹಮ್ಮದ ಇಸ್ಮಾಯಿಲನನ್ನು ಕೇಳಿ ಮನೆ ಹುಡುಕಿಕೊಂಡು ಬಂದಿದ್ದ. ಕೈಯಲ್ಲಿ ಸಣ್ಣದೊಂದು ಗಂಟು, ಕೆಂಪಂಚಿನ ಬಿಳಿ ಅರಿವೆ.

"ಡ್ರೈವರ್ ಅಣ್ಣಾರ ಮನಿ ಇದೇ ಏನ್ರಿ?"

"ಹೌದು, ಬರ್ರಿ," ಎಂದಳು ಸಪನಾ.

ಅವನು ಗಂಟನ್ನು ಕೇಶರಬಾಯಿಯ ಮುಂದಿಟ್ಟು ಕೈಮುಗಿದ. "ದೀಪಾವಳಿ ಮುಂದ ನಮ್ಮವ್ವ ಹೋದಳ್ರಿ. ಮನಿ ತುಂಬ ಜನ, ಒಲಿ ಹತ್ತಿಲ್ಲ. ಮಧ್ಯಾನ ಬಸ್ಸಿನಾಗ ನಿಮ್ಮ ಗಂಟು ಬಂತು. ಇಸ್ಮಾಯಿಲಭಾಯ್ ಬಸ್ ನಿಂದ್ರಿಸಿ ಕೊಟ್ಟು ಹೋದ್ರು. ನಮ್ಮ ತಂಗಿ ಎರಡು ದಿನ ಏನೂ ತಿಂದಿದ್ದಿಲ್ಲ, ಆ ರೊಟ್ಟಿ ತಿಂದಳು. ಈಗ ಅಕಿ ಲಗ್ನ ಕೂಡ್ಯದ್ರಿ, ಶಿವರಾತ್ರಿ ಆದ ಮ್ಯಾಲ. ಒಂದೂವರಿ ಸಾವಿರ ರೊಟ್ಟಿ ಬೇಕು. ಕಂಡಕ್ಟರ್ ಕೈಯಾಗ ಕೊಡೋದು ಬ್ಯಾಡ, ಅಣ್ಣಾರಿಗೆ ನಾನೇ ಕೊಟ್ಟು ಬರ್ತೇನಿ ಅಂತ ಬಂದೆ. ಎಲ್ಲಿ ಹೋಗ್ಯಾರ್ರಿ?"

ಇಸ್ಮಾಯಿಲ ಹೇಳಿರಲಿಲ್ಲ. ಹೇಳಲು ಬಾಯಿ ಬಂದಿರಲಿಕ್ಕಿಲ್ಲ. ಸುಶೀಲಕುಮಾರ ಸಪನಾಳನ್ನು ನೋಡಿದ, ಸಪನಾ ನೆಲ ನೋಡಿದಳು. ದೀಪಾವಳಿಯ ಮುಂದೆ ಅಂದರೆ ಅದು ಪಂಢರಿ ಕಟ್ಟಿದ ಕೊನೆಯ ಗಂಟು.

"ಇಲ್ಲ," ಎಂದಳು ಕೇಶರಬಾಯಿ. "ತೀರಿಕೊಂಡ್ರು."

ಮೂರು ತಿಂಗಳಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಗೋರಖನಾಥ ಅಲ್ಲೇ ಕೂತ. ಸಪನಾ ಚಹಾ ತಂದಿಟ್ಟಳು. ಅರ್ಧ ಕುಡಿದು ಕಪ್ಪು ಕೆಳಗಿಟ್ಟು ಕೇಳಿದ, "ಮತ್ತ ನಿಮ್ಮ ಮನಿಗಿ ರೊಟ್ಟಿ ಯಾರು ಕಳ್ಸಿದ್ರು?"

ಟೇಪು ಹಿಡಿದಿದ್ದ ಜುಲ್ಫೀಕಾರ ಇದ್ದಲ್ಲೇ ನಿಂತ.

"ಯಾರೂ ಇಲ್ಲಪಾ," ಎಂದಳು ಕೇಶರಬಾಯಿ.

ಅವನು ಗಂಟು ಬಿಚ್ಚಿ ಬೆಲ್ಲವನ್ನೂ ಲಗ್ನಪತ್ರಿಕೆಯನ್ನೂ ನೆಲದ ಮೇಲಿಟ್ಟ. ಅರಿವೆಯನ್ನು ಮಡಿಚಿ ತನ್ನ ಜೇಬಿಗೆ ಹಾಕಿಕೊಂಡು, ಎದ್ದು, "ಬರ್ತೇನ್ರಿ," ಎಂದು ಹೊರಟೇಹೋದ.

"ನೋಡಿದ್ರಿ?" ಎಂದ ಸುಶೀಲಕುಮಾರ ಅವನು ಓಣಿ ದಾಟಿದ ಮೇಲೆ. "ಸಾವಿನ ಸುದ್ದಿ ಕೇಳಿದ, ಲಗ್ನದ ಆರ್ಡರ್ ಹೋತು. ಕೊಡ್ಲಿಕ್ಕ ತಂದ ಅರಿವೀನೂ ವಾಪಸ್ ಒಯ್ದ. ಜುಲ್ಫೀಕಾರಭಾಯ್, ನಾಳೆ ಕಾಗದ ತಗೊಂಡು ಬರ್ರಿ."

ಕೇಶರಬಾಯಿ ಬೆಲ್ಲದ ಅಚ್ಚನ್ನು ತೆಗೆದು ಡಬ್ಬಿಗೆ ಹಾಕಿದಳು. ಆ ಅರಿವೆಯನ್ನು ಒಮ್ಮೆ ಮುಟ್ಟಬೇಕಾಗಿತ್ತು ಎಂದು ಅನ್ನಿಸಿತು. ಬಹಳ ದಿನಗಳ ಮೇಲೆ ಅವಳಿಗೆ ಏನೋ ಒಂದು ಬೇಕು ಎನ್ನಿಸಿದ್ದು ಅದೇ.

ಮರುದಿನ ಹನ್ನೊಂದಕ್ಕೆ ಜುಲ್ಫೀಕಾರ ಕರಾರುಪತ್ರ ಹಿಡಿದು ಬಂದು ಕೂತ. ಮರಿಯಮಬೀ, ಉಳಿದ ಹೆಂಗಸರು ತಮ್ಮ ಪರಾತ, ಮೊರ, ಉಳಿದ ಕೂಲಿ ತೆಗೆದುಕೊಳ್ಳಲು ಬಂದಿದ್ದರು. ಸುಶೀಲಕುಮಾರ ಕನ್ನಡಕ ಹುಡುಕುತ್ತಿದ್ದಾಗ ಫೋನು ರಿಂಗಾಯಿತು. ಮಹಮ್ಮದ ಇಸ್ಮಾಯಿಲ, ಬಸ್ ಸ್ಟ್ಯಾಂಡಿನಿಂದ.

"ಸುಶೀಲಣ್ಣಾ, ಗಂಟು ಬಂದದ. ಬಂದು ತಗೊಂಡು ಹೋಗ್ರಿ."

"ಯಾರಿಗಿ ಗಂಟು?"

"ನಿಮಗೇ. ಚಿಂತಾಕಿಯಿಂದ. ಸಾವಿನ ಮನಿಗಿ ಅಂತ ಹೇಳಿ ಕೊಟ್ಟಾರ."

ಅಶ್ವಜಿತ ಬೈಕು ತೆಗೆದ. ಅಪ್ಪ ಮಗ ಇಬ್ಬರೂ ಹೋಗಿ ಅರ್ಧ ಗಂಟೆಯಲ್ಲಿ ಮರಳಿದರು. ಸುಶೀಲಕುಮಾರ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ತಾಯಿಯ ಮುಂದೆ ಇಟ್ಟ. ಅದೇ ಕೆಂಪಂಚಿನ ಅರಿವೆ. ಬಿಚ್ಚಿದರೆ ಇಪ್ಪತ್ತು ಜೋಳದ ರೊಟ್ಟಿ, ಮೇಲೊಂದು ಕಾಗದದ ಪುಡಿಕೆಯಲ್ಲಿ ಶೇಂಗಾಹಿಂಡಿ. ಹೆಸರಿರಲಿಲ್ಲ, ಚೀಟಿಯೂ ಇರಲಿಲ್ಲ.

ಕೇಶರಬಾಯಿ ಮೇಲಿನ ರೊಟ್ಟಿ ತೆಗೆದುಕೊಂಡು ಅಂಚು ಮುಟ್ಟಿ ನೋಡಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳುವು, ನಡುವೆ ಕರಕಲು. ಮುರಿದು ಬಾಯಿಗಿಟ್ಟಳು.

"ಮದುಮಗಳು ಬಡಿದಾಳ," ಎಂದಳು. "ಕೈ ಇನ್ನಾ ಕುಂತಿಲ್ಲ. ಉಪ್ಪು ಜಾಸ್ತಿ."

ಎರಡನೆಯ ತುತ್ತು ನುಂಗಲಾಗಲಿಲ್ಲ. ರೊಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಅರಿವೆಯಿಂದ ಮುಖ ಮುಚ್ಚಿಕೊಂಡು ಕೇಶರಬಾಯಿ ಅತ್ತಳು. ಮೂರು ತಿಂಗಳ ಅಳು ಅದು, ದನಿ ಓಣಿಗೆ ಕೇಳಿಸಿತು. ಯಾರೂ ಸುಮ್ಮನಿರು ಎನ್ನಲಿಲ್ಲ. ಮರಿಯಮಬೀ ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ಸುಶೀಲಕುಮಾರ ಗೋಡೆಯ ಕಡೆ ತಿರುಗಿ ನಿಂತ.

ಅಳು ಮುಗಿದ ಮೇಲೆ ಅವಳೇ ರೊಟ್ಟಿಗಳನ್ನು ಮುರಿದು ಎಲ್ಲರಿಗೂ ಹಂಚಿದಳು. ಎಂಟು ಹೆಂಗಸರು ತಿಂದರು, ಸಪನಾ ತಿಂದಳು, ಅಪ್ಪ ಮಗ ತಿಂದರು. ಜುಲ್ಫೀಕಾರ ಕರಾರುಪತ್ರವನ್ನು ತೊಡೆಯ ಕೆಳಗೆ ಒತ್ತಿಟ್ಟು ಎರಡೂ ಕೈ ಚಾಚಿ ತನ್ನ ಪಾಲು ತೆಗೆದುಕೊಂಡ.

ಕೇಶರಬಾಯಿ ಅರಿವೆ ಝಾಡಿಸಿ ಮಡಿಚಿದಳು.

"ಸುಶೀಲ್ಯಾ, ಎಷ್ಟಂದಾನ ಅಂವ?"

"ಒಂದೂವರಿ ಸಾವಿರ ಅಂದಿದ್ದ. ಬೇಕೋ ಬ್ಯಾಡೋ ಏನೂ ಹೇಳದೇ ಹೋದ, ಅವ್ವಾ."

"ಹೇಳೋದೇನದ ಅದ್ರಾಗ. ಅರಿವಿ ಈಗ ನಮ್ಮ ಮನಿಯಾಗ ಅದ, ಖಾಲಿ ಮರಳಿಸಬಾರದು," ಎಂದು ಅವಳು ಎದ್ದು ಕಿಟಕಿಯ ಕೆಳಗೆ ಹೋಗಿ ಕೂತಳು. "ಸಪನಾ, ನೀರು ಕಾಯಿಸಲಿಕ್ಕಿಡು. ಮರಿಯಮ್, ನಿನ್ನ ಹಂಚು ಮನಿಯಿಂದ ತರ್ಸು. ಟ್ರಂಕಿನಾಗ ನಾಲ್ಕು ಧೋತರ ಅವ ಸುಶೀಲ್ಯಾ, ತಂದು ಹರಿ."

ಸುಶೀಲಕುಮಾರ ಕರಾರುಪತ್ರದ ಕಡೆ ಒಮ್ಮೆ ನೋಡಿ ಟ್ರಂಕು ತೆಗೆಯಲು ಒಳಗೆ ಹೋದ.

ಮೂರು ತಿಂಗಳು ಹೊತ್ತದ ಒಂಬತ್ತನೆಯ ಒಲೆಯ ಹತ್ತಿರ ಕಡ್ಡಿಪೆಟ್ಟಿಗೆ ಇರಲಿಲ್ಲ. ಎಲ್ಲರೂ ಅಲ್ಲಿ ಇಲ್ಲಿ ಹುಡುಕಿದರು. ಕೊನೆಗೆ ಜುಲ್ಫೀಕಾರನೇ ಎದ್ದು ಬಂದು, ಜೇಬಿನಿಂದ ತನ್ನ ಲೈಟರು ತೆಗೆದು ಕೊಟ್ಟ.